ಬೇಸಿಗೆಯಲ್ಲಿ ಮೇಲೆದ್ದು ಬರುವ ಊರು

ಕೂಡ್ಲಿಗಿಯಿಂದ ಹೊರಟು, ಕೊಟ್ಟೂರನ್ನು ಹಾಯ್ದು, ಹಗರಿಬೊಮ್ಮನಹಳ್ಳಿಯ ಕಡೆಗೆ ಬೇಸಿಗೆಯ ನಡುಹಗಲಿನಲ್ಲಿ ಪ್ರಯಾಣ ಮಾಡುವವನಿಗೆ, ಈ ಸೀಮೆಗೆ ನೆರೆಯ ಭಯವುಂಟೆಂದು ಯಾರಾದರೂ ಹೇಳಿದರೆ ನಗು ಬಂದೀತು. ಕೆಂಪು ನೆಲ, ಬಿರಿದ ಎರೆ ಹೊಲ, ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ. ವರ್ಷಕ್ಕೆ ಆರುನೂರು ಮಿಲಿಮೀಟರು ಮಳೆ ಬಿದ್ದರೆ ಅದೇ ಭಾಗ್ಯವೆಂದು ತಿಳಿಯುವ ನಾಡಿದು. ಆದರೆ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ—ಈ ಮೂರು ತಾಲ್ಲೂಕುಗಳ ಅಂಚನ್ನು ತುಂಗಭದ್ರೆ ಸವರಿಕೊಂಡು ಹೋಗುತ್ತಾಳೆ. ಆ ಅಂಚಿನ ಜನಕ್ಕೆ ಮಾತ್ರ ನೀರಿನ ಭಯ ಗೊತ್ತು. ಅಲ್ಲಿ ಮಳೆ ಬಂದು ನೆರೆ ಬರುವುದಿಲ್ಲ. ಮಳೆಯಿಲ್ಲದೆಯೇ ನೆರೆ ಬರುತ್ತದೆ.

ಹಡಗಲಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ, ಜಲಾಶಯದ ಹಿನ್ನೀರಿಗೆ ಮುಖಮಾಡಿ ಕುಳಿತ ಊರೊಂದರಲ್ಲಿ ಒಬ್ಬ ಮೇಷ್ಟರಿದ್ದಾರೆ. ವಯಸ್ಸು ಐವತ್ತೊಂಬತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಅವರಿಗೆ ನಿವೃತ್ತಿ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು. ಮಗ ದಾವಣಗೆರೆಯಲ್ಲಿ ನೌಕರಿಯಲ್ಲಿದ್ದಾನೆ. ವಾರಕ್ಕೊಮ್ಮೆ ಫೋನು ಮಾಡಿದಾಗಲೆಲ್ಲ ಅವನದು ಒಂದೇ ಮಾತು: “ಅಪ್ಪಾ, ಇನ್ನೂ ಎಷ್ಟು ದಿನ ಆ ನೀರಿನ ದಂಡಿಮ್ಯಾಲೆ ಇರ್ತೀರಿ?” ಮೇಷ್ಟರು ನಕ್ಕು, ಮೊಮ್ಮಗಳನ್ನು ಕರೆಯೆನ್ನುತ್ತಾರೆ.

ಅವರ ಬೇಸಿಗೆಯ ದಿನ ಬೆಳಕು ಹರಿಯುವ ಮುಂಚೆಯೇ ಆರಂಭವಾಗುವುದು. ಮಣ್ಣಿನ ಮಾಳಿಗೆಯ ಮೇಲೆ ಮಲಗಿದವರು ಚಾಪೆ ಸುತ್ತಿಕೊಂಡು ಕೆಳಗಿಳಿಯುವ ಹೊತ್ತಿಗೆ, ಪಕ್ಕದ ತೋಟದಲ್ಲಿ ಹೆಣ್ಣುಮಕ್ಕಳು ಮಲ್ಲಿಗೆ ಮೊಗ್ಗು ಬಿಡಿಸುತ್ತಿರುತ್ತಾರೆ. ಹಡಗಲಿಗೆ ‘ಹೂವಿನ’ ಎಂಬ ವಿಶೇಷಣ ಬರಲು ಕಾರಣವಾದ ಮಲ್ಲಿಗೆ ಇದೇ. ಇದಕ್ಕೆ ಈಗ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ವಿಜಯನಗರದ ಅರಸರ ಕಾಲದಲ್ಲಿ ಈ ಹೂವು ಹೊಳೆಯ ಮೇಲೆ ಹಂಪೆಗೆ ಹೋಗುತ್ತಿತ್ತೆಂದು ಹಿರಿಯರು ಹೇಳುವುದುಂಟು. ಈಗ ಮೊದಲ ಬಸ್ಸಿಗೆ ಹೋಗುತ್ತದೆ. ಬಿಸಿಲೇರಿದಂತೆಲ್ಲ ಮೊಗ್ಗು ಅರಳಿ ಬೆಲೆ ಇಳಿಯುವುದರಿಂದ ಆ ಹೊತ್ತಿನಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಮೇಷ್ಟರು ಹರವಿಯ ನೀರಿನಲ್ಲಿ ಮುಖ ತೊಳೆದು, ಒಂದು ಲೋಟ ಚಹಾ ಕುಡಿದು, ಶಾಲೆಯ ಕಡೆಗೆ ನಡೆಯುತ್ತಾರೆ.

ರಜೆಯಲ್ಲಿ ಶಾಲೆಯೇಕೆಂದು ಕೇಳಬಹುದು. ಬರದ ವರ್ಷಗಳಲ್ಲಿ ಬೇಸಿಗೆಯ ರಜೆಯಲ್ಲಿಯೂ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವುದುಂಟು. 2024ರ ಬೇಸಿಗೆಯಲ್ಲಿ ಹಾಗೆಯೇ ಆಯಿತು. ಊಟಕ್ಕೆ ಬಂದ ಮಕ್ಕಳನ್ನು ಬೇವಿನ ಮರದಡಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವುದು ಅಂದಿನಿಂದ ಮೇಷ್ಟರಿಗೆ ರೂಢಿಯಾಗಿದೆ. ಲೆಕ್ಕವೆಂದರೆ ನೀರಿನ ಲೆಕ್ಕ.

“ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು ಇಪ್ಪತ್ತೆಂಟು ಲೀಟರು. ನಿಮ್ಮ ಅವ್ವ ಹೊರೋ ಕೊಡದಾಗ ಎಷ್ಟು ಹಿಡಿಸ್ತದೆ?”

“ಹದಿನಾಲ್ಕು, ಸಾರ್.”

“ಹಂಗಾದರೆ ಒಂದು ಲಕ್ಷ ಕ್ಯೂಸೆಕ್ ಬಂತು ಅಂದರೆ?”

“ಎರಡು ಲಕ್ಷ ಕೊಡ!”

“ಎಷ್ಟು ಹೊತ್ತಿನಾಗ?” ಎಂದು ಮೇಷ್ಟರು ಕೇಳುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಂಬುದು ಹೊಳೆದಾಗ ಮಕ್ಕಳು ಸುಮ್ಮನಾಗುತ್ತಾರೆ.

ಆ ಕೊಡಗಳು ಎಲ್ಲಿಂದ ಬರುತ್ತವೆಂಬುದು ಮುಂದಿನ ಪಾಠ. ತುಂಗೆಯೂ ಭದ್ರೆಯೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಕೂಡುವುದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ. ತುಂಗೆಗೆ ನೀರೂಡುವ ಆಗುಂಬೆಯ ಕಾಡಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಗಾಜನೂರಿನ ಅಣೆಕಟ್ಟು ಸಣ್ಣದು, ಬೇಗ ತುಂಬಿ ನೀರು ಬಿಡುತ್ತದೆ. ಇನ್ನೂ ಕೆಳಗೆ ಗಳಗನಾಥದಲ್ಲಿ ವರದೆ ಬಂದು ಸೇರುತ್ತಾಳೆ. ಹೀಗಾಗಿ ಹಡಗಲಿಯ ರೈತ ಒಣಗಿದ ಆಕಾಶವನ್ನು ನೋಡುತ್ತ ನಿಂತಿರುವಾಗಲೇ, ಬೆನ್ನ ಹಿಂದೆ ಹೊಳೆ ಕೆಂಪಾಗಿ ಏರುತ್ತಿರುತ್ತದೆ. ಕೆಳಗೆ ಜಲಾಶಯವೂ ತುಂಬಿದ್ದರೆ ನೀರಿಗೆ ಮುಂದೆ ದಾರಿಯಿಲ್ಲ. ಹಿಮ್ಮೆಟ್ಟಿ ತಗ್ಗಿನ ಹೊಲಗಳಿಗೆ ನುಗ್ಗುತ್ತದೆ.

ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆಯ ಊಟವಾದ ಮೇಲೆ ಪಡಸಾಲೆಯಲ್ಲಿ ಓದು. ಹೊಳೆಯ ದಂಡೆಯ ಹಾವನೂರಿನಲ್ಲಿ 1869ರಲ್ಲಿ ಹುಟ್ಟಿದ ಗಳಗನಾಥರೆಂದರೆ ಮೇಷ್ಟರಿಗೆ ಬಲು ಪ್ರೀತಿ. ಅವರೂ ಶಾಲೆಯ ಮಾಸ್ತರರಾಗಿದ್ದವರು. ತಾವು ಬರೆದ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಓದುಗರಿಗೆ ಮುಟ್ಟಿಸಿದವರು. ಮೇಷ್ಟರ ‘ಮಾಧವ ಕರುಣಾ ವಿಲಾಸ’ದ ಪ್ರತಿಗೆ ರಟ್ಟಿಲ್ಲ. ಅದರ ಜಾಗ ನಾಗೊಂದಿಗೆಯ ಮೇಲೆ, ನೀರು ಮುಟ್ಟದ ಎತ್ತರದಲ್ಲಿ.

ನಾಗೊಂದಿಗೆಯ ಮೇಲೆ ಏರಬೇಕಾದ ಮತ್ತೊಂದು ವಸ್ತುವಿದೆ. ಅದು ಮನೆಯದಲ್ಲ, ಶಾಲೆಯದು. ಒಂದು ಕಬ್ಬಿಣದ ಟ್ರಂಕು, ಅದರೊಳಗೆ ಹಳೆಯ ದಾಖಲಾತಿ ಪುಸ್ತಕಗಳು. ಅದರ ಬೆಲೆ ತಿಳಿಯಬೇಕಾದರೆ ಊರಿನ ಕಥೆ ತಿಳಿಯಬೇಕು.

1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು; 1953ರ ಹೊತ್ತಿಗೆ ಕಟ್ಟೆ ಮುಗಿದು ನೀರು ನಿಂತಿತು. ಸುಮಾರು 90 ಹಳ್ಳಿಗಳು ಆ ನೀರಿಗೆ ಜಾಗ ಬಿಟ್ಟುಕೊಟ್ಟವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಯನ್ನು ಕಟ್ಟಿಕೊಂಡರು. ಇತರರು ಬಂಡಿಗಳಲ್ಲಿ ತೊಲೆ, ಬಾಗಿಲು, ಬೀಸುವ ಕಲ್ಲು ಹೇರಿಕೊಂಡು ಎತ್ತರದ ನೆಲ ಹುಡುಕಿದರು. ಮೇಷ್ಟರ ತಂದೆಯೂ ಹಾಗೆ ಬಂದವರೇ. ಈ ಊರು ಆ ಊರಿನ ಹೆಸರನ್ನೇ ಇಟ್ಟುಕೊಂಡಿದೆ. ಹಳೆಯದಕ್ಕೆ ಈಗ ‘ಹಳೇ ಊರು’ ಎಂಬುದಷ್ಟೇ ಹೆಸರು.

ಅಲ್ಲಿ ಹುಟ್ಟಿದವರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ—ಎಲ್ಲವೂ ಆ ಟ್ರಂಕಿನ ಪುಸ್ತಕಗಳಲ್ಲಿ ಶಾಯಿಯಿಂದ ಬರೆದು ಉಳಿದಿವೆ. ಬೇಸಿಗೆಯಲ್ಲಿ ಜಾತ್ರೆಗೆಂದು, ಮದುವೆಗೆಂದು ಊರಿಗೆ ಬಂದವರು ಮೇಷ್ಟರ ಕಟ್ಟೆಗೂ ಬರುವುದು ಅದಕ್ಕಾಗಿ. ಒಬ್ಬನಿಗೆ ತಂದೆಯ ವಯಸ್ಸಿನ ದಾಖಲೆ ಬೇಕು, ಇನ್ನೊಬ್ಬನಿಗೆ ಅಜ್ಜನ ಹೆಸರಿನ ಕಾಗುಣಿತ. ಒಮ್ಮೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು, ಯಾವ ಕಾಗದವೂ ಬೇಡವೆಂದೂ ತನ್ನ ಹೆಸರನ್ನು ಓದಿ ಹೇಳಿದರೆ ಸಾಕೆಂದೂ ಕೇಳಿದಳು. ಮೇಷ್ಟರು ಓದಿದರು. “ಇನ್ನೊಂದು ಸಲ ಓದ್ರಿ, ಮೇಷ್ಟ್ರೇ” ಎಂದಳು. ಮೂರು ತಿಂಗಳಷ್ಟೇ ಶಾಲೆಗೆ ಹೋಗಿದ್ದಳಂತೆ.

ಇಳಿಬಿಸಿಲಿನಲ್ಲಿ ಮೇಷ್ಟರು ಹಿನ್ನೀರಿನ ಕಡೆಗೆ ನಡೆಯುತ್ತಾರೆ. ಚೈತ್ರ ಕಳೆದು ವೈಶಾಖ ಬಂದಂತೆ ನೀರು ಹಿಂದೆ ಸರಿದು, ಹಳೇ ಊರು ಒಂದೊಂದೇ ಅಂಗಲವಾಗಿ ಮೇಲೇಳುತ್ತದೆ. ಮೊದಲು ಗುಡಿಯ ಕಂಬ, ಆಮೇಲೆ ಮನೆಗಳ ಅಡಿಪಾಯ, ಕೊನೆಗೆ ಶಾಲೆಯ ಎರಡು ಮೆಟ್ಟಿಲು. ಹೂಳು ವರ್ಷವರ್ಷಕ್ಕೆ ಏರುತ್ತಿದೆ. 133 ಟಿಎಂಸಿ ನೀರು ಹಿಡಿಯಬೇಕಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ. ಕಳೆದ ಬೇಸಿಗೆಯಲ್ಲಿ ಮೆಟ್ಟಿಲುಗಳಲ್ಲಿ ಒಂದೇ ಕಾಣಿಸಿತು. ಜತೆಗೆ ಬಂದ ಹುಡುಗನೊಬ್ಬ, “ಸಾರ್, ನಮ್ಮೂರು ಇದೋ, ಅದೋ?” ಎಂದು ಕೇಳಿದ. ಮೇಷ್ಟರು, “ಹಾಜರಿ ಎಲ್ಲಿ ಹೇಳ್ತೀಯೋ ಅದು” ಎಂದರು. ಆದರೂ ಆ ಮೆಟ್ಟಿಲಿನ ಮೇಲೆ ತುಸು ಹೊತ್ತು ಕುಳಿತೇ ಎದ್ದರು.

ರಾತ್ರಿ ಕಟ್ಟೆಯ ಮೇಲೆ ಹಿರಿಯರ ಹರಟೆ. ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ನುಡಿದ ಕಾರಣಿಕದ ಅರ್ಥವನ್ನು ಬೇಸಿಗೆಯುದ್ದಕ್ಕೂ ಬಿಡಿಸುವುದು ಇಲ್ಲಿಯ ಪದ್ಧತಿ. ಮಳೆಯೆಂದು ಒಬ್ಬ, ಬರವೆಂದು ಇನ್ನೊಬ್ಬ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ಶ್ರಾವಣದಲ್ಲಿ ಹಿನ್ನೀರು ಇಳಿದದ್ದನ್ನು ಯಾವ ಮಾತಿನಲ್ಲಿ ಹುಡುಕುವುದೆಂದು ಮೇಷ್ಟರು ಕೇಳಿದಾಗ ಮಾತ್ರ ಎಲ್ಲರೂ ಸುಮ್ಮನಾದರು. ಕೆಳಗಿನ ಊರುಗಳಿಗೆ ನೆರೆಯ ಎಚ್ಚರಿಕೆ, ಇಲ್ಲಿ ನೀರು ಹೋಯಿತಲ್ಲಾ ಎಂಬ ಕೊರಗು.

ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕಿಸುವುದು ಬೇಸಿಗೆಯ ಕಡೆಯ ಕೆಲಸ. ಅದಾದ ಮೇಲೆ ಟ್ರಂಕಿನ ಕೆಲಸ. ಈ ಸಲ ಮೇಷ್ಟರು ಹರಪನಹಳ್ಳಿಯ ಕಡೆಯಿಂದ ಬಂದ ಹೊಸ ಮೇಷ್ಟರನ್ನು ಜತೆಗೆ ಕರೆದುಕೊಂಡರು. ಇಬ್ಬರೂ ಪುಸ್ತಕಗಳನ್ನು ಬಿಸಿಲಿಗೆ ಹರಡಿ, ನುಸಿ ಹಿಡಿಯದಂತೆ ಬೇವಿನ ಎಲೆ ಇಟ್ಟು, ಟ್ರಂಕನ್ನು ಎತ್ತಿ ಮೇಲಿಟ್ಟರು. ಹೊಳೆ ಏರುವುದು ಪುನರ್ವಸು, ಪುಷ್ಯ ಮಳೆಗಳಲ್ಲೆಂದೂ, ಗಾಜನೂರಿನ ಸುದ್ದಿ ಬಂದ ದಿನವೇ ಕೆಳಗಿನ ಕಪಾಟನ್ನು ಖಾಲಿ ಮಾಡಬೇಕೆಂದೂ ಮೇಷ್ಟರು ಹೇಳಿದರು.

“ಇವನ್ನೆಲ್ಲ ಫೋನಿನಾಗ ಫೋಟೋ ತೆಗೆದಿಟ್ಟರೆ ಆಗದೇ, ಸಾರ್?” ಎಂದು ಹೊಸಬರು ಕೇಳಿದರು.

“ಅದನ್ನೂ ಮಾಡ್ರಿ. ಆದರೆ ಆ ಅಜ್ಜಿ ಮುಂದಿನ ವರ್ಷ ಬಂದರೆ, ಪುಸ್ತಕ ತೆಗೆದು ಓದ್ರಿ” ಎಂದು ಹೇಳಿ ಮೇಷ್ಟರು ಬೀಗದ ಕೈಯನ್ನು ಅವರಿಗೆ ಕೊಟ್ಟರು.

ಮಲೆನಾಡಿನಲ್ಲಿ ಮಳೆ ಹಿಡಿದ ಸುದ್ದಿ ಬಂದು ಕೆಲವು ದಿನಗಳಾದ ಮೇಲೆ ಹೊಸ ನೀರು ಬಂತು. ಊರಿನಲ್ಲಿ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ. ಹಳೆಯ ಶಾಲೆಯ ಮೆಟ್ಟಿಲು ಮುಳುಗಿದ ದಿನಾಂಕವನ್ನು ಮೇಷ್ಟರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಗಂಟೆ ಬಾರಿಸುವ ಹೊತ್ತಾಯಿತೆಂದು ಎದ್ದರು.