ತಂಬೂರದ ಕ್ಯಾಚು

ಜಿ.ಆರ್. ವಿಶ್ವನಾಥ್ ಅಂದರೆ ನಮಗೆ ಗೊತ್ತಿದ್ದದ್ದು ಸ್ಕ್ವೇರ್ ಕಟ್ ಒಂದೇ, ಅದೂ ಹಾಸ್ಟೆಲಿನಲ್ಲಿ ನೋಡಿದ ಮಸುಕು ವಿಡಿಯೋದಿಂದ. ಉಳಿದದ್ದನ್ನು ತಿಳಿದುಕೊಂಡದ್ದು ತಂಬೂರದಲ್ಲಿ, ನಾಚಿಕೆಪಟ್ಟು.

ಸಂಕ್ರಾಂತಿಗೆ ಗೆಳೆಯನ ಊರಿಗೆ ಹೋಗಿದ್ದೆವು. ಬಸವಣ್ಣನ ಗುಡಿಗೆ ಕೈಮುಗಿದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹೊಡೆದು, ಸಂಜೆ ಭತ್ತ ಕೊಯ್ದ ಗದ್ದೆಯಲ್ಲಿ ಊರ ಹುಡುಗರ ಜೋಡಿ ಟೆನಿಸ್ ಬಾಲ್ ಮ್ಯಾಚ್ ಹಚ್ಚಿದೆವು. ಕೊನೇ ಓವರಿನಲ್ಲಿ ಅವರಿಗೆ ಏಳು ರನ್ ಬೇಕು. ಒಂಬತ್ತನೇತ್ತಾ ಓದುವ ಒಬ್ಬ ಹುಡುಗ ಭಾಳ ಚಂದ ಆಡುತ್ತಿದ್ದ. ಅವನು ಹೊಡೆದ ಚೆಂಡು ನೆಲಕ್ಕೆ ಬಡಿದು ನಮ್ಮ ಕೈಗೆ ಬಂತು. ‘ಔಟ್!’ ಅಂತ ಎಲ್ಲರೂ ಚೀರಿದೆವು. ಅಂಪೈರಿಗೆ ಸರಿಯಾಗಿ ಕಾಣಲಿಲ್ಲ, ನಮ್ಮ ಗದ್ದಲಕ್ಕೇ ಬೆರಳೆತ್ತಿದ. ಹುಡುಗ ನಮ್ಮ ಮುಖ ನೋಡಿದ, ಬ್ಯಾಟು ಮುಂದಿನವನ ಕೈಗೆ ಕೊಟ್ಟು ಹೋದ. ಗೆದ್ದೆವು.

ರಾತ್ರಿ ಕಟ್ಟೆಯ ಮೇಲೆ ಗೆಳೆಯನ ಅಜ್ಜಾರು ಕೇಳಿದರು: ‘ಏನ್ರಪಾ, ಆ ಚೆಂಡು ನೆಲಾ ಮುಟ್ಟಿತ್ತಲ್ಲಾ?’ ಯಾರೂ ಬಾಯಿ ಬಿಡಲಿಲ್ಲ. ಅವರು ಬೈಯಲೂ ಇಲ್ಲ. ‘ನಮ್ಮ ವಿಶ್ವನಾಥ ಏನ್ ಮಾಡಿದ್ದ ಗೊತ್ತೈತೇನು?’ ಅಂತ ರೇಡಿಯೋ ಕಾಲದ ಕಥೆ ತೆಗೆದರು.

ಭದ್ರಾವತಿಯಲ್ಲಿ ಹುಟ್ಟಿದವರು, ಆಳು ಗಿಡ್ಡ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟು: ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. 1975ರಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಾಗ, ತಂಡದ 190ರಲ್ಲಿ ಇವರದೇ ಔಟಾಗದೆ 97. ಅಜ್ಜಾರಿಗೆ ಶತಕಗಳಿಗಿಂತ ಅದೇ ಹೆಚ್ಚು. ಕ್ರಿಕೆಟ್ಟೊಂದರಿಂದಲೇ ಹೊಟ್ಟೆ ತುಂಬದ ಕಾಲ ಅದು. ಇವರಿಗೂ ಸ್ಟೇಟ್ ಬ್ಯಾಂಕಿನ ನೌಕರಿ ಇತ್ತು.

1980ರ ಫೆಬ್ರುವರಿ, ವಾಂಖೆಡೆಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟು. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ಆಗಿ ಒದ್ದಾಡುತ್ತಿತ್ತು. ಆಮೇಲೆ ಬಂದ ಬಾಬ್ ಟೇಲರ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಖಾತ್ರಿ. ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬಾಥಮ್ ಆರನೇ ವಿಕೆಟ್ಟಿಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್ಟಿನಿಂದ ಸೋತಿತು. ಅವರು ನಾಯಕರಾಗಿದ್ದದ್ದು ಎರಡೇ ಟೆಸ್ಟಿಗೆ. ಇದು ಎರಡನೆಯದು.

‘ಸೋತ್ರಲ್ರೀ ಅಜ್ಜಾರ!’ ಅಂದೆವು.

‘ಹೌದು, ಸೋತ್ರು’ ಅಂದು ಅವರು ಎಲಿ ಅಡಿಕಿ ಹಾಕ್ಕೊಂಡರು.

ಮರುದಿನ ಮುಂಜಾನೆ ಆ ಹುಡುಗನ ಮನೆ ಕೇಳಿಕೊಂಡು ಹೋದೆವು. ಅವನು ಸಾಲಿಗೆ ಹೋಗಿಬಿಟ್ಟಿದ್ದ. ಅವರವ್ವ ಚಹಾ ಕೊಟ್ಟರು, ಏನು ಬಂದ್ರಿ ಅಂತ ಕೇಳಿದರು. ‘ನಿಮ್ಮ ಹುಡುಗ ನಿನ್ನೆ ಔಟ್ ಆಗಿರಲಿಲ್ಲರೀ’ ಅಂದೆವು. ‘ಹೌದಂತ, ಅಂವ ಹೇಳ್ಯಾನ’ ಅಂದರು.