ಡಬ್ಬಿಯ ಮೇಲೆ ಬರೆದದ್ದು

ನನ್ನ ಚಾಕೊಲೇಟ್ ವ್ಯಾಪಾರ ನಿಂತಿದ್ದಕ್ಕೆ ಬೆಂಗಳೂರಿನ ಸೆಕೆ ಕಾರಣವೆಂದು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದೆ. ಸೆಕೆಯ ಪಾಲು ಇದ್ದದ್ದು ನಿಜ. ಆ ಸೆಕೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಜೆ.ಪಿ. ನಗರದ ನಮ್ಮ ಅಡುಗೆಮನೆಯಲ್ಲಿ ಶುರುವಾದ ಕೆಲಸ. ಮೊದಲು ತರುತ್ತಿದ್ದದ್ದು ಬೇಕರಿಯವರು ಬಳಸುವ ಕಾಂಪೌಂಡ್ ಸ್ಲ್ಯಾಬ್. ಕರಗಿಸಿ ಅಚ್ಚಿಗೆ ಹೊಯ್ದರೆ ಮುಗಿಯಿತು, ಹೊಳಪು ತಾನಾಗಿಯೇ ಬರುತ್ತದೆ. ಕೊಕ್ಕೊ ಬೆಣ್ಣೆಯ ಜಾಗದಲ್ಲಿ ಅದರಲ್ಲಿರುವುದು ಹೆಚ್ಚಾಗಿ ತಾಳೆಬೀಜದ ಎಣ್ಣೆಯನ್ನು ಗಟ್ಟಿ ಮಾಡಿದ್ದು. ಚಾಕೊಲೇಟ್ ಎನ್ನಿಸಿಕೊಳ್ಳಬೇಕಾದರೆ ಬೇರೆ ಸಸ್ಯಕೊಬ್ಬು ಶೇ 5ನ್ನು ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಅದು ತಿಳಿದ ಮೇಲೆ ಮನಸ್ಸು ತಡೆಯಲಿಲ್ಲ. ನಿಜವಾದ ಚಾಕೊಲೇಟ್‌ಗೆ ಬದಲಾದೆ, ಬೆಲೆ ಏರಿಸಿದೆ, ಡಬ್ಬಿಯ ಮೇಲೆ ‘ಶುದ್ಧ ಕೊಕ್ಕೊ ಬೆಣ್ಣೆಯದು’ ಎಂದು ಅಚ್ಚು ಹಾಕಿಸಿದೆ.

ಕೊಕ್ಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಹೊಳಪು, ಮುರಿದಾಗ ಟಕ್ಕೆನ್ನುವ ಸದ್ದು, ನಾಲಿಗೆಯ ಮೇಲೆ ಕರಗುವ ಗುಣ ಎಲ್ಲವೂ ಐದನೆಯ ಬಗೆಯಿಂದ. ಕಪ್ಪು ಚಾಕೊಲೇಟನ್ನು 45 ಡಿಗ್ರಿ ದಾಟಿಸಿ ಕರಗಿಸಬೇಕು, ಕಲಕುತ್ತ 28ರ ಹತ್ತಿರಕ್ಕೆ ಇಳಿಸಬೇಕು, ಮತ್ತೆ 31–32ಕ್ಕೆ ಏರಿಸಬೇಕು. ತುಸು ನೀರು ಸೇರಿದರೂ ಗಂಟು ಕಟ್ಟುತ್ತದೆ. ಈ ಹದ ಕೈಗೆ ಹತ್ತುವ ಮೊದಲೇ, ಏಪ್ರಿಲ್‌ನಲ್ಲಿ, ಬನಶಂಕರಿಯ ಒಂದು ನಾಮಕರಣಕ್ಕೆ ಆರ್ಡರ್ ಒಪ್ಪಿಕೊಂಡೆ. ಡಬ್ಬಿ ತೆರೆದರೆ ಚಾಕೊಲೇಟಿನ ಮೇಲೆಲ್ಲ ಬೂದು ಪೊರೆ.

“ಬೂಷ್ಟು ಬಂದಿದೆಯಲ್ಲಮ್ಮ” ಎಂದರು ಮಗುವಿನ ಅಜ್ಜಿ.

ಅದು ಬೂಷ್ಟಲ್ಲ. ಹದ ತಪ್ಪಿದ ಬೆಣ್ಣೆ ಮೇಲಕ್ಕೆ ಬಂದು ಹರಳುಗಟ್ಟಿತ್ತು, ತಿಂದರೆ ಏನೂ ಆಗದು. ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

ಮುಂದಿನ ಆರ್ಡರ್‌ಗೆ ಮತ್ತೆ ಕಾಂಪೌಂಡ್ ತಂದೆ. ಡಬ್ಬಿ ಅದೇ, ಬೆಲೆ ಅದೇ, ಮೇಲಿನ ಬರಹವೂ ಅದೇ. ಯಾರಿಗೂ ಗೊತ್ತಾಗಲಿಲ್ಲ. ಈ ಸಲ ಹೊಳಪು ಚೆನ್ನಾಗಿದೆ ಎಂದರು. ಆ ಮೆಚ್ಚುಗೆಯನ್ನು ಕೇಳಿಸಿಕೊಳ್ಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಕೊನೆಗೆ ಆರ್ಡರ್ ತೆಗೆದುಕೊಳ್ಳುವುದನ್ನೇ ಬಿಟ್ಟೆ.

ವ್ಯಾಪಾರ ಬಿಟ್ಟ ಮೇಲೆ, ಕೈಯಿಂದಲೇ ಚಾಕೊಲೇಟ್ ಮಾಡಿ ಮಾರುವ ಜಯನಗರದ ಅಂಗಡಿಯೊಂದಕ್ಕೆ ಹೋಗಿದ್ದೆ. ಗಾಜಿನಾಚೆ ಹುಡುಗಿಯೊಬ್ಬಳು ಕಲ್ಲಿನ ಮೇಲೆ ಚಾಕೊಲೇಟ್ ಹರಡಿ, ಬಳಿದು, ಮತ್ತೆ ಹರಡುತ್ತಿದ್ದಳು. ಪಕ್ಕದ ಟ್ರೇಯಲ್ಲಿ ನನಗೆ ಚೆನ್ನಾಗಿ ಗುರುತಿದ್ದ ಅದೇ ಬೂದು ಪೊರೆ.

“ಇದನ್ನೇನು ಮಾಡ್ತೀರಾ?” ಎಂದೆ.

“ಮತ್ತೆ ಕರಗಿಸ್ತೀವಿ ಮೇಡಂ. ಸೆಕೆಗಾಲದಲ್ಲಿ ಹೀಗಾಗುತ್ತೆ, ಇನ್ನೊಂದು ಸಲ ಹದ ಮಾಡಿದ್ರೆ ಸರಿಹೋಗುತ್ತೆ.”

ನಾನು ಅಂದು ಡಬ್ಬಿಗಳನ್ನು ವಾಪಸ್ ತಂದು ಕಸಕ್ಕೆ ಹಾಕಿದ್ದೆ. ಎರಡು ದಿನ ಕೊಡಿ ಎಂದು ಆ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು.

ಕೊಕ್ಕೊ ಎಲ್ಲಿಯದು ಎಂದು ಕೇಳಿದೆ. ಪುತ್ತೂರು ಕಡೆಯದು ಎಂದಳು. ನಮ್ಮದೇ ಊರು. ಅಡಿಕೆಯ ನಡುವೆ ಕೊಕ್ಕೊ ನೆಟ್ಟವರು 1980ರ ಹೊತ್ತಿಗೆ ಕೊಳ್ಳುವವರಿಲ್ಲದೆ ಕಂಗೆಟ್ಟಿದ್ದನ್ನು ಅಪ್ಪ ಈಗಲೂ ಹೇಳುತ್ತಾರೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಆಗ ಕೊಕ್ಕೊ ಕೊಳ್ಳಲು ಮುಂದೆ ಬಂತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಳಿಲು, ಮಂಗ ತಿಂದು ಉಳಿಸಿದ ಕಾಯಿಗಳನ್ನು ಒಡೆದು, ಹಸಿ ಬೀಜವನ್ನು ಅಪ್ಪ ಅಲ್ಲಿಗೆ ಒಯ್ಯುತ್ತಿದ್ದರು. ನನ್ನ ಕಾಲೇಜಿನ ಫೀಸಿನಲ್ಲಿ ಆ ದುಡ್ಡೂ ಇತ್ತು. ಆ ತೋಟದ ಮಗಳು ತಾಳೆಯೆಣ್ಣೆಯನ್ನು ಕೊಕ್ಕೊ ಬೆಣ್ಣೆಯೆಂದು ಮಾರಿದ್ದಳು. ಅಂಗಡಿಯಲ್ಲಿ ನಿಂತಲ್ಲೇ ಕಣ್ಣು ತುಂಬಿತು.

ಆ ಡಬ್ಬಿ ಕೊಂಡವರಲ್ಲಿ ನಂಬರ್ ಸಿಕ್ಕವರಿಗೆಲ್ಲ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಹಣ ಹಿಂದಿರುಗಿಸುತ್ತೇನೆಂದೆ. ಹೆಚ್ಚಿನವರು ಬೇಡವೆಂದರು. ಮಗಳಿಗೆ ಇಷ್ಟವೆಂದು ಮತ್ತೆ ಮತ್ತೆ ತರಿಸಿಕೊಂಡಿದ್ದ ತಾಯಿಯೊಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಲೆಕ್ಕ ಹಾಕಿ, ಪೂರ್ತಿ ಹಣ ತೆಗೆದುಕೊಂಡರು. ಅವರಿಗೆ ನಾನು ಋಣಿ.