ಅಪ್ಪ ಹೊರಗೆ ಮಲಗುತ್ತಿದ್ದ

2024ರ ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಮಗ ಅಮೆರಿಕದ ಕೊಲರಾಡೊದಿಂದ ವಿಡಿಯೊ ಕಾಲ್ ಮಾಡಿದ. ಅವನಿಗೆ ಅದು ಶನಿವಾರದ ಸಂಜೆ. ಅವನ ಹಿಂದೆ ಎತ್ತರದ ಪೈನ್ ಮರಗಳು, ಒಂದು ಮಣ್ಣು ರಸ್ತೆ, ರಸ್ತೆಯ ಬದಿಗೆ ನೀಲಿ ಬಣ್ಣದ ಪುಟ್ಟ ಡೇರೆ.

“ಅಪ್ಪಾ, ಇಲ್ಲಿ ರೊಕ್ಕ ಕೊಡಂಗಿಲ್ಲ, ಬುಕಿಂಗ್ ಇಲ್ಲ. ಕಾಡಿನ ರಸ್ತೆ ಹಿಡಿದು ಹೋಗೋದು, ಹಿಂದ ಯಾರಾದ್ರೂ ಇಳಿದಿದ್ದ ಜಾಗ ಕಂಡ್ರ ಅಲ್ಲೇ ಇಳಿಯೋದು, ಅಷ್ಟ.”

ನಳ ಇಲ್ಲ, ಪಾಯಖಾನೆ ಇಲ್ಲ, ಕಸದ ಡಬ್ಬಿಯೂ ಇಲ್ಲ. ಕುಡಿಯುವ ನೀರು ನಾವೇ ಒಯ್ಯಬೇಕು, ಕಸ ನಾವೇ ವಾಪಸ್ ತರಬೇಕು. ಅಲ್ಲಿನ ಬಹಳಷ್ಟು ರಾಷ್ಟ್ರೀಯ ಅರಣ್ಯಗಳಲ್ಲಿ ಹೀಗೆ ಒಂದು ಕಡೆ 14 ದಿನದವರೆಗೆ ಇರಬಹುದಂತೆ. ಆಮೇಲೆ ಜಾಗ ಬಿಡಬೇಕು. “ನಾವು ಬಂದು ಹೋಗಿದ್ದು ಯಾರಿಗೂ ಗೊತ್ತಾಗಬಾರದು. ಅದ ಇಲ್ಲಿ ದೊಡ್ಡ ನಿಯಮ” ಎಂದು ಹೆಮ್ಮೆಯಿಂದ ಹೇಳಿದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಕೂಗಿದಳು: “ನಿಮ್ಮಜ್ಜ ಜೀವಮಾನ ಪೂರ್ತಿ ಅದನ್ನ ಮಾಡಿದ್ರು. ಅವರ ವಿಡಿಯೊ ಯಾರೂ ತೆಗೀಲಿಲ್ಲ, ನೋಡು.”

ಮಗ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮದು ಕಪ್ಪತಗುಡ್ಡದ ಬುಡದ ಊರು. ಅಪ್ಪ ಕುರಿ ಕಾಯುತ್ತಿದ್ದ. ವರ್ಷದಲ್ಲಿ ಏಳೆಂಟು ತಿಂಗಳು ಅವನ ಮೇಲೆ ಸೂರು ಇರುತ್ತಿರಲಿಲ್ಲ. ಮುಂಗಾರಿನಲ್ಲಿ ಹೊಲಗಳೆಲ್ಲ ಪೈರಿನಿಂದ ತುಂಬಿದಾಗ ಗುಡ್ಡದ ಸೆರಗಿನಲ್ಲಿ ಇರುತ್ತಿದ್ದ. ಶೇಂಗಾ ಕಿತ್ತ ಮೇಲೆ ಶಿರಹಟ್ಟಿ ಕಡೆಗೆ ಇಳಿಯುತ್ತಿದ್ದ. ಬಿಳಿಜೋಳ ಕೊಯ್ದ ಮೇಲೆ ಲಕ್ಷ್ಮೇಶ್ವರದ ಎರಿಹೊಲಗಳಿಗೆ. ಬೇಸಿಗೆ ಬಂತೆಂದರೆ ಮುಂಡರಗಿ ದಾಟಿ ತುಂಗಭದ್ರೆಯ ದಂಡೆಗೆ. ಹೊಳೆಯಾಚೆ ಹಡಗಲಿ ಸೀಮೆಯಲ್ಲಿ ಮೇವು ಇದೆಯೆಂಬ ಸುದ್ದಿ ಬಂದರೆ ಕೊರ್ಲಹಳ್ಳಿಯ ಹತ್ತಿರ ಹೊಳೆ ದಾಟುತ್ತಿದ್ದ. ಚಳಿಗಾಲದಲ್ಲಿ ಮಾಗಡಿ ಕೆರೆಯ ಹತ್ತಿರ ತಂಗಿದಾಗ ರಾತ್ರಿಯೆಲ್ಲ ತಲೆಯ ಮೇಲೆ ದೊಡ್ಡ ಹಕ್ಕಿಗಳು ಕೂಗುತ್ತ ಹೊಲಕ್ಕೆ ಹೋಗುತ್ತವೆ ಎಂದು ಹೇಳುತ್ತಿದ್ದ. ಅವು ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಆ ಕೆರೆಗೆ ಈಗ ರಾಮ್‌ಸಾರ್ ಪಟ್ಟಿಯಲ್ಲಿ ಹೆಸರು ಸಿಕ್ಕಿದೆ. ಅಪ್ಪನಿಗೆ ಅವು ತನ್ನ ಹಾಗೇ ಮೇವು ಹುಡುಕಿಕೊಂಡು ಬಂದವು, ಅಷ್ಟೆ.

ಎಲ್ಲಿ ಇಳಿಯಬೇಕು ಎನ್ನುವುದಕ್ಕೆ ಅವನದೇ ಕಟ್ಟಳೆಗಳಿದ್ದವು. ಹೊತ್ತು ಮುಳುಗುವ ಮೊದಲು ಕುರಿಗಳಿಗೆ ನೀರು ತೋರಿಸಬೇಕು. ಎಷ್ಟೇ ಒಣಗಿದ್ದರೂ ಹಳ್ಳದೊಳಗೆ ಮಲಗಬಾರದು. ಮೇಲೆ ಗುಡ್ಡದಲ್ಲಿ ಮಳೆಯಾದರೆ ಕೆಳಗಿದ್ದವನಿಗೆ ತಿಳಿಯುವುದಿಲ್ಲ. ಒಲೆಯ ಕೆಂಡಕ್ಕೆ ಮಣ್ಣು ಮುಚ್ಚದೆ ಏಳಬಾರದು. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಎಲ್ಲಕ್ಕಿಂತ ಮೊದಲು ಹೊಲದವನನ್ನು ಕೇಳಬೇಕು. ಕೇಳದೆ ಇಳಿದವನಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದ.

ಆದರೆ ಹೆಚ್ಚಿನ ಸಲ ಹೊಲದವರೇ ಅವನನ್ನು ಕೇಳಿಕೊಂಡು ಬರುತ್ತಿದ್ದರು. “ನಮ್ಮ ಹೊಲದಾಗ ಎರಡು ರಾತ್ರಿ ಕುರಿ ನಿಲ್ಲಸೋ ಮಾರಾಯಾ” ಎಂದು. ರಾತ್ರಿಗೆ ಇಷ್ಟು ಜೋಳ, ಮೇಲೆ ಚಹಾಪುಡಿ, ಬೆಲ್ಲ, ಎಲೆ ಅಡಿಕೆ. ಕುರಿಯ ಹಿಕ್ಕೆ, ಉಚ್ಚೆ ಎರಡೂ ಮಣ್ಣಿಗೆ ಗೊಬ್ಬರ. ಒಂದು ಕಡೆ ಕುರಿ ಕೂತೆದ್ದರೆ ಮರುದಿನ ಅದರ ಪಕ್ಕದ ತುಂಡಿಗೆ ಬಲೆ ಸರಿಸುತ್ತಿದ್ದರು. ಹೀಗೆ ಸರಿಸುತ್ತ ಸರಿಸುತ್ತ ಇಡೀ ಹೊಲ ಮುಗಿಸುತ್ತಿದ್ದರು. ಮರುವರ್ಷ ಆ ಹೊಲದ ಜೋಳ ನೋಡಿದರೆ ಎಲ್ಲಿಯವರೆಗೆ ಕುರಿ ಕೂತಿದ್ದವು ಎಂದು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಈ ಕಡೆ ಕಡುಹಸಿರು, ಆ ಕಡೆ ತಿಳಿಹಳದಿ. “ಕುರಿ ಕುಂತ ಹೊಲ ಮೂರು ವರ್ಷ ಮಾತಾಡ್ತೈತಿ” ಎನ್ನುತ್ತಿದ್ದ ಅಪ್ಪ.

ಮಗನ ಅಮೆರಿಕದಲ್ಲಿ ಗುರುತು ಬಿಡದೆ ಹೋಗುವವನು ಒಳ್ಳೆಯ ಅತಿಥಿ. ಅಪ್ಪನನ್ನು ಕರೆಯುತ್ತಿದ್ದುದೇ ಅವನು ಬಿಟ್ಟುಹೋಗುವ ಗುರುತಿಗಾಗಿ.

ಆ ಗುರುತು ನನಗೆ ಬೇಡವಾಗಿತ್ತು. ಗದಗಿನ ಹಾಸ್ಟೆಲಿಗೆ ಸೇರಿದಾಗ ಅಪ್ಪ ಕೊಟ್ಟು ಕಳಿಸಿದ ಕಂಬಳಿಯ ವಾಸನೆಗೆ ಹುಡುಗರು ಮೂಗು ಮುಚ್ಚಿಕೊಂಡಿದ್ದರು. ವಾರದೊಳಗೆ ಅದನ್ನು ಟ್ರಂಕಿನ ತಳಕ್ಕೆ ಹಾಕಿ ಚಾದರ ಕೊಂಡೆ. ಓದಿದೆ, ಬ್ಯಾಂಕಿನ ನೌಕರಿ ಹಿಡಿದೆ, ಬೆಟಗೇರಿಯಲ್ಲಿ ಮನೆ ಕಟ್ಟಿಸಿದೆ. ಅಪ್ಪ ಆಗಾಗ ಬರುತ್ತಿದ್ದ. ಊಟ ಒಳಗೆ ಮಾಡುತ್ತಿದ್ದ, ಮಲಗುವುದು ಮಾತ್ರ ಹೊರಗೆ. ಫ್ಯಾನ್ ಹಾಕಿ, ಗಾದಿ ಹಾಸಿ ಕೊಟ್ಟರೂ ನಡುರಾತ್ರಿ ಎದ್ದು ಗೇಟಿನ ಒಳಗಡೆ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಳ್ಳುತ್ತಿದ್ದ. “ಮ್ಯಾಲ ಚುಕ್ಕಿ ಕಾಣಲಿಲ್ಲಂದ್ರ ಹೊತ್ತೆಷ್ಟಾತು ಅಂತ ತಿಳಿಯೂದಿಲ್ಲಪಾ” ಎನ್ನುತ್ತಿದ್ದ.

1998ರ ಚಳಿಗಾಲ. ಗದಗ ಜಿಲ್ಲೆಯಾಗಿ ಒಂದು ವರ್ಷವಾಗಿತ್ತು; ನಮ್ಮ ಓಣಿಗೆ ಹೊಸ ಹೊಸ ನೌಕರರು ಬಾಡಿಗೆಗೆ ಬರುತ್ತಿದ್ದರು. ಒಂದು ರಾತ್ರಿ ಹತ್ತು ಗಂಟೆಗೆ ಹೊಸದಾಗಿ ಬಂದಿದ್ದ ಎದುರು ಮನೆಯವರು ಗೇಟಿನ ಹತ್ತಿರ ನಿಂತು ಮಾತನಾಡುತ್ತಿದ್ದರು. ಕಟ್ಟೆಯ ಮೇಲೆ ಮುಸುಕು ಹಾಕಿ ಮಲಗಿದ್ದ ಅಪ್ಪನನ್ನು ನೋಡಿ, “ವಾಚಮನ್ ಇಟ್ಟೀರೇನ್ರಿ?” ಎಂದರು.

“ಇಲ್ರಿ, ಯಾರೋ ಊರ ಕಡೆಯವರು. ಬೆಳಿಗ್ಗೆ ಹೋಗ್ತಾರ” ಎಂದೆ.

ಸುಳ್ಳು ಎನ್ನುವಂತಿರಲಿಲ್ಲ. ಊರ ಕಡೆಯವನೇ. ಬೆಳಿಗ್ಗೆ ಹೋಗುವವನೇ. ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಹೋಗಿದ್ದ. ಅದೂ ಅವನ ರೂಢಿಯೇ. ಮುಂದೆಯೂ ಬರುತ್ತಿದ್ದ, ಅದೇ ಕಟ್ಟೆಯ ಮೇಲೆ ಮಲಗುತ್ತಿದ್ದ, ಯಾವ ಮಾತಿನಲ್ಲೂ ವ್ಯತ್ಯಾಸ ಕಾಣಿಸಲಿಲ್ಲ. 2006ರಲ್ಲಿ ತೀರಿಕೊಂಡ. ಅಷ್ಟು ವರ್ಷದಲ್ಲಿ ಆ ರಾತ್ರಿ ಅವನು ಎಚ್ಚರವಿದ್ದನೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಣ್ಣ ಕುರಿ ಮಾರಿದ. ಅಪ್ಪನ ಕಂಬಳಿ ನನ್ನ ಪಾಲಿಗೆ ಬಂತು. ಹೆಂಡತಿ ಅದನ್ನು ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಳು.

ಡಿಸೆಂಬರಿನಲ್ಲಿ ಮಗ ಬಂದ. ಆ ನೀಲಿ ಡೇರೆಯೂ ಅವನ ಜೊತೆ ಬಂತು. ಕಪ್ಪತಗುಡ್ಡದಲ್ಲಿ ಒಂದು ರಾತ್ರಿ ಮಲಗೋಣ ಅಂದ. ಹೊರಡುವಾಗ, ಯಾಕೆಂದು ನನಗೇ ತಿಳಿಯದೆ, ಟ್ರಂಕಿನಿಂದ ಕಂಬಳಿ ತೆಗೆದು ಕಾರಿನಲ್ಲಿಟ್ಟೆ. ಡಂಬಳ ದಾಟಿ ಡೋಣಿಯ ಕಡೆ ತಿರುಗಿದಾಗ ಗುಡ್ಡದ ನೆತ್ತಿಯ ಗಾಳಿಗಿರಣಿಗಳು ಬಿಸಿಲಿನಲ್ಲಿ ನಿಧಾನ ತಿರುಗುತ್ತಿದ್ದವು. ಕಪ್ಪತಮಲ್ಲಯ್ಯನ ಗುಡಿಗೆ ಕೈಮುಗಿದು ಇಳಿಯುವಷ್ಟರಲ್ಲಿ ಸಂಜೆಯಾಯಿತು. ದಾರಿಯಲ್ಲಿ ಅರಣ್ಯ ಇಲಾಖೆಯ ಹುಡುಗನೊಬ್ಬ ಬೈಕ್ ನಿಲ್ಲಿಸಿ ಮರ್ಯಾದೆಯಿಂದಲೇ ಕೇಳಿದ.

“ರಾತ್ರಿ ಇರಾಕ ಬರೂದಿಲ್ರಿ ಸರ್. ಇದು ಈಗ ಅಭಯಾರಣ್ಯ ಐತಿ. ಚಿರತಿ ಅದಾವು, ತೋಳ ಅದಾವು. ನೀವು ಕೆಳಗ ಇಳೀರಿ.”

ಮಗನ ಮುಖ ಸಣ್ಣಗಾಯಿತು. “ನಮ್ಮ ಗುಡ್ಡದಾಗ ನಾವು ಮಲಗಾಕ ಪರ್ಮಿಷನ್ ಬೇಕಾ?” ಎಂದ. ಆ ಹುಡುಗನ ಪರವಾಗಿ ನಾನೇ ಮಾತನಾಡಬೇಕಾಯಿತು. ಈ ಗುಡ್ಡದಲ್ಲಿ ಚಿನ್ನ ಇದೆ ಎಂದು ಎಷ್ಟು ಕಾಲದಿಂದ ಎಷ್ಟು ಕಂಪನಿಗಳ ಕಣ್ಣು ಬಿದ್ದಿದೆ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷ ಆ ಆದೇಶವನ್ನು ಹಿಂತೆಗೆದುಕೊಂಡಿತು. ಆಗ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗಿನಲ್ಲಿ ಜನ ಧರಣಿ ಕೂತರು. ಬ್ಯಾಂಕು ಮುಗಿಸಿ ನಾನೂ ಹೋಗಿ ಕೂತಿದ್ದೆ. 2017ರಲ್ಲಿ ಆದೇಶ ಮರಳಿ ಬಂತು, 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಗುಡ್ಡ ವನ್ಯಜೀವಿ ಅಭಯಾರಣ್ಯವಾಯಿತು. ಸಿಹಿ ಹಂಚಿ ತಿಂದವರಲ್ಲಿ ನಾನೂ ಒಬ್ಬ. ಅಭಯಾರಣ್ಯವೆಂದ ಮೇಲೆ 1972ರ ವನ್ಯಜೀವಿ ಕಾಯ್ದೆ ಬರುತ್ತದೆ, ಪರವಾನಗಿ ಬರುತ್ತದೆ. ಗುಡ್ಡ ಉಳಿಯಿತು. ಅಪ್ಪನಂಥವರ ಮುಂಗಾರಿನ ರಾತ್ರಿಗಳು ಅದರೊಳಗೆ ಉಳಿಯಲಿಲ್ಲ. ಎರಡೂ ನಿಜ. ಧರಣಿಯಲ್ಲಿ ಕೂತಾಗ ಮೊದಲನೆಯದು ಮಾತ್ರ ನನಗೆ ಹೊಳೆದಿತ್ತು.

ಕೆಳಗೆ ಇಳಿದೆವು. ರಸ್ತೆಯ ಪಕ್ಕದಲ್ಲಿ ಗೋವಿನಜೋಳ ಕೊಯ್ದ ಹೊಲವೊಂದರಲ್ಲಿ ದೀಪ ಕಂಡಿತು. ಬಲೆಯೊಳಗೆ ಇನ್ನೂರಕ್ಕೂ ಹೆಚ್ಚು ಕುರಿಗಳು. ಈಗಿನ ಕೆಂಪು ಕುರಿಗಳು, ಮಾಂಸಕ್ಕೆ ಸಾಕುವವು. ಸಾಮಾನು ಹೇರಲು ಕುದುರೆ ಇಲ್ಲ, ಒಂದು ಟೆಂಪೊ ನಿಂತಿತ್ತು. ಕಂಬಕ್ಕೆ ಸೋಲಾರ್ ಲೈಟ್ ತೂಗುಹಾಕಿದ್ದರು. ಕುಷ್ಟಗಿ ಕಡೆಯ ಮುದುಕನೊಬ್ಬ, ಅವನ ಇಬ್ಬರು ಮಕ್ಕಳು, ಒಬ್ಬ ಸೊಸೆ.

“ಕಾಕಾ, ಇವತ್ತೊಂದು ರಾತ್ರಿ ಇಲ್ಲೇ ಮಗ್ಗಲಕ ಇಳೀಬಹುದೇನ್ರಿ?” ಎಂದೆ.

“ಹೊಲ ನಮ್ಮದಲ್ಲಪಾ. ನಾವೂ ಇಳದವರ. ಹೊಲದ ಮಾಲಕ್ಗ ಒಂದು ಮಾತು ಕೇಳೂಣು, ತಡೀರಿ” ಎಂದು ತನ್ನ ಮೊಬೈಲಿನಿಂದ ಅವನೇ ಫೋನ್ ಹಚ್ಚಿದ. ಅಪ್ಪನ ಕಟ್ಟಳೆ ಹಾಗೇ ಇತ್ತು.

ಮಗ ಬದುವಿನ ಹತ್ತಿರ ಡೇರೆ ಹಾಕಿದ. ಕಡ್ಡಿ ಸಿಕ್ಕಿಸಿದ ಕೂಡಲೇ ಅದು ತಾನಾಗಿ ಎದ್ದು ನಿಂತದ್ದನ್ನು ನೋಡಿ ಮುದುಕನ ಮಕ್ಕಳು ನಕ್ಕರು. ಸೊಸೆ ರೊಟ್ಟಿ, ಹಿಂಡಿಪಲ್ಯ ಕೊಟ್ಟಳು. ಉಂಡು ನಾನು ರವದಿ ಹಾಸಿ ಅದರ ಮೇಲೆ ಕಂಬಳಿ ಬಿಚ್ಚಿದೆ. ಬೇವಿನ ವಾಸನೆಯ ಕೆಳಗಿಂದ ಆ ಹಳೆಯ ವಾಸನೆ ಎದ್ದಿತು. ಮುದುಕ ಹತ್ತಿರ ಬಂದು ಕಂಬಳಿಯ ಅಂಚನ್ನು ಬೆರಳಿನಿಂದ ಹೊಸಕಿ ನೋಡಿದ.

“ಇದು ಹಳೇ ಕರಿ ಕುರಿ ಉಣ್ಣಿ. ಇಂಥಾ ಕುರಿ ಈಗ ಯಾರ ಕಡೆ ಅದಾವು? ಎಲ್ಲಿ ತಂದ್ರಿ?”

“ನಮ್ಮಪ್ಪಂದು. ಕುರಿ ಕಾಯ್ತಿದ್ದ” ಎಂದೆ. ಅಪ್ಪನ ಹೆಸರನ್ನೂ ಊರನ್ನೂ ಹೇಳಿದೆ.

ಮುದುಕ ಸ್ವಲ್ಪ ಹೊತ್ತು ಯೋಚಿಸಿದ. “ಗೊತ್ತಾಗ್ಲಿಲ್ಲಪಾ. ಭಾಳ ಮಂದಿ ಇದ್ರು ಆವಾಗ” ಎಂದು ತನ್ನ ಜಾಗಕ್ಕೆ ಹೋಗಿ ಮಲಗಿದ.

ರಾತ್ರಿ ಚಳಿಗೆ ಡೇರೆಯೊಳಗೆ ನಿದ್ದೆ ಬಾರದೆ ಮಗ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತ. ಕಂಬಳಿಯ ಅರ್ಧ ಅವನಿಗೆ ಹೊದಿಸಿದೆ. ಕುರಿಗಳು ಮೆಲುಕು ಹಾಕುವ ಸದ್ದು, ಆಗೊಂದು ಈಗೊಂದು ಕೆಮ್ಮು, ನಾಯಿಯ ಗುರುಗುಟ್ಟುವಿಕೆ. ಅವನಿಗೆ 1998ರ ಆ ರಾತ್ರಿಯ ಮಾತು ಹೇಳಿದೆ. ಹೆಂಡತಿಗೂ ಅದನ್ನು ಹೇಳಿರಲಿಲ್ಲ.

ಬಹಳ ಹೊತ್ತಿನ ಮೇಲೆ ಕೇಳಿದ: “ಅಜ್ಜಗ ಕೇಳಿಸಿತ್ತೇನಪಾ?”

“ಗೊತ್ತಿಲ್ಲ. ಆದ್ರ ಕುರಿ ಕಾಯೋರ ನಿದ್ದಿ ಭಾಳ ತೆಳು.”

ಅವನು ಮತ್ತೇನೂ ಕೇಳಲಿಲ್ಲ. ಒಳಗೂ ಹೋಗಲಿಲ್ಲ.

ಬೆಳಿಗ್ಗೆ ಹೊಲದ ಮಾಲೀಕ ಬಂದ. ಇನ್ನೆರಡು ದಿನ ಇರಿ, ಮೂಡಲ ಕಡೆಯ ತುಂಡು ಉಳಿದಿದೆ ಎಂದು ಮುದುಕನಿಗೆ ಹೇಳುತ್ತಿದ್ದ. ಮುದುಕನ ಮಕ್ಕಳು ಬಲೆ ಕಿತ್ತರು. ಕುರಿ ಎದ್ದುಹೋದ ಜಾಗದಲ್ಲಿ ಚೌಕಾಕಾರವಾಗಿ ನೆಲ ಕಪ್ಪಗೆ ಹಸಿಯಾಗಿ ಕಾಣುತ್ತಿತ್ತು. ಮಗ ಡೇರೆ ಮಡಚಿ, ಒಂದು ಕಾಗದದ ಚೂರೂ ಬಿದ್ದಿಲ್ಲವೆಂದು ರೂಢಿಯಂತೆ ಸುತ್ತಲೂ ನೋಡಿದ. ಡೇರೆ ಇದ್ದಲ್ಲಿ ಮಲಗಿದ್ದ ರವದಿ ಮೆಲ್ಲಗೆ ಮೇಲೇಳುತ್ತಿತ್ತು.

ಮುದುಕ ಆ ಜಾಗವನ್ನೂ ನಮ್ಮನ್ನೂ ನೋಡಿ ನಕ್ಕ. “ನೀವು ಏನೂ ಬಿಡಲಿಲ್ಲಲ್ಲೋ ತಮ್ಮಾ. ಮಾಲಕ ನಿಮ್ಮನ್ನ ಇನ್ನೊಮ್ಮಿ ಕರಿಯೂದಿಲ್ಲ ನೋಡು.”

ಮನೆಗೆ ಬಂದ ಮೇಲೆ ಹೆಂಡತಿ ಕಂಬಳಿಯನ್ನು ಬಿಸಿಲಿಗೆ ಹಾಕಲು ತಾರಸಿಗೆ ಒಯ್ಯುತ್ತಿದ್ದಳು. ನಾನು ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಹಾಸಿದೆ. ರಾತ್ರಿಯೂ ಅದನ್ನು ಒಳಗೆ ತರಲಿಲ್ಲ.